ಅತ್ತಿಗೆಯ ಹೆಸರಿನ ರಕ್ತಪರೀಕ್ಷೆ

ವೈದ್ಯರ ವೃತ್ತಿಹೊಣೆ ವಿಮೆಗಾಗಿ ನಮ್ಮ ಕಂಪನಿ ಮುದ್ರಿಸಿದ್ದ ಅರ್ಜಿಯಲ್ಲಿ ನಾಲ್ಕು ಪುಟಗಳಿದ್ದವು. ಎಷ್ಟು ಹಾಸಿಗೆಗಳಿವೆ, ಎಕ್ಸ್-ರೇ ಯಂತ್ರ ಯಾವ ಮಾದರಿಯದು, ಅರಿವಳಿಕೆ ಕೊಡುವವರ ವಿದ್ಯಾರ್ಹತೆ ಏನು, ಶಸ್ತ್ರಚಿಕಿತ್ಸೆಯ ಕೊಠಡಿಗೆ ಜನರೇಟರ್ ಇದೆಯೇ, ಇಂಥ ಪ್ರಶ್ನೆಗಳು. ಖಾಸಗಿಯಾಗಿ ವೃತ್ತಿ ನಡೆಸುವ ಮನೋವೈದ್ಯರೂ ಆಪ್ತಸಮಾಲೋಚಕರೂ ಇದನ್ನೇ ತುಂಬಬೇಕಾಗಿತ್ತು. ಒಂದು ಮೇಜು, ಮೂರು ಕುರ್ಚಿ, ಸರಿಯಾಗಿ ಮುಚ್ಚುವ ಒಂದು ಬಾಗಿಲು, ಇಷ್ಟನ್ನು ಇಟ್ಟುಕೊಂಡು ದುಡಿಯುವ ಅವರು ಪ್ರತಿ ಪ್ರಶ್ನೆಯ ಮುಂದೆಯೂ 'ಅನ್ವಯಿಸುವುದಿಲ್ಲ' ಎಂದು ಬರೆದು ಕಳಿಸುತ್ತಿದ್ದರು. ಮೊದಲಿನಿಂದ ಕೊನೆಯವರೆಗೆ 'ಅನ್ವಯಿಸುವುದಿಲ್ಲ' ಎಂದೇ ಇರುವ ಅರ್ಜಿಯನ್ನು ನಾವು ಚಕಾರವೆತ್ತದೆ ಅಂಗೀಕರಿಸಿ ಪಾಲಿಸಿ ಕೊಡುತ್ತಿದ್ದೆವು. ಈ ಕ್ಷೇತ್ರಕ್ಕೆ ಹೊಸದಾಗಿ ಬರುತ್ತಿರುವವರು ಮೊದಲು ತಿಳಿಯಬೇಕಾದದ್ದು ಇದನ್ನು: ನಮಗೆ ಏನೊಂದೂ ಗೊತ್ತಿಲ್ಲದ ಕೆಲಸವೊಂದಕ್ಕೆ ನಾವು ರಕ್ಷಣೆ ಮಾರುತ್ತಿದ್ದೆವು.

ನಾನು ಈ ಕೆಲಸಕ್ಕೆ ಬಂದದ್ದು ಅಡ್ಡದಾರಿಯಿಂದ. ಆಲೂರು ಸೀಮೆಯವನು, ಇತಿಹಾಸದಲ್ಲಿ ಸಂಶೋಧನೆ ಮಾಡಿ, ಶಾಸನಗಳ ಕಾಲನಿರ್ಣಯದ ಬಗ್ಗೆ ಪ್ರಬಂಧ ಬರೆದು, ಕಾಲೇಜಿನಲ್ಲಿ ಕೆಲಸ ಸಿಗದೆ, ವಿಮಾ ಕಂಪನಿಯೊಂದರ ಹಾಸನದ ಕಚೇರಿಯಲ್ಲಿ ಸಂಶೋಧನಾಧಿಕಾರಿಯಾದೆ. ಹುದ್ದೆಯ ಹೆಸರು ದೊಡ್ಡದು. ಕೆಲಸ ಮಾತ್ರ, ಯಾರಾದರೂ ವೈದ್ಯರ ಮೇಲೆ ದೂರು ಬಂದಾಗ ಹೋಗಿ, ದಾಖಲೆಗಳ ದಿನಾಂಕಗಳನ್ನು ತಾಳೆ ನೋಡಿ, ವರದಿ ಬರೆಯುವುದು. ವೈದ್ಯಸೇವೆಯೂ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂಬ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ ಇಂಥ ಪಾಲಿಸಿಗೆ ವೈದ್ಯರು ಮುಗಿಬಿದ್ದರು. ಆ ತೀರ್ಪು ೧೯೯೬ರದು ಎಂದು ಬಹುಕಾಲ ನೆನಪಿನಿಂದ ಹೇಳುತ್ತಿದ್ದೆ. ತೆಗೆದು ನೋಡಿದರೆ ಅದು ೧೯೯೫ರ ಕೊನೆಯದು. ಕೆಳಗೆ ಬರೆಯುವ ಸಂಗತಿಗಳು ಆಮೇಲಿನ ಏಳೆಂಟು ವರ್ಷಗಳಲ್ಲಿ ನಡೆದವು. ಪ್ರತಿಯೊಂದನ್ನೂ ನನ್ನ ಜೇಬುಡೈರಿಗಳೊಂದಿಗೆ ಹೋಲಿಸಿದ್ದೇನೆ. ಸಂಬಂಧಪಟ್ಟವರು ಈಗಲೂ ಅದೇ ಊರುಗಳಲ್ಲಿ ಬಾಳುತ್ತಿರುವುದರಿಂದ ಹೆಸರುಗಳನ್ನು ಬದಲಿಸಿದ್ದೇನೆ, ದಿನಾಂಕಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಸಕಲೇಶಪುರದಲ್ಲಿ ಡಾ. ಸುಮಿತ್ರಾ ಎಂಬ ಮನೋವೈದ್ಯೆ ಸ್ವಂತ ಕ್ಲಿನಿಕ್ ನಡೆಸುತ್ತಿದ್ದರು. ಸುತ್ತಲ ಬೆಟ್ಟಸೀಮೆಗೆಲ್ಲ ಅವರೊಬ್ಬರೇ. ಅವರ ಪಾಲಿಸಿಯ ಪೂರ್ವಪರಿಶೀಲನೆಗೆ ಮೊದಲ ಸಲ ಹೋದಾಗ ಬಸ್ ನಿಲ್ದಾಣದಲ್ಲಿ ಇಳಿದು, ಕಡಲೆಕಾಯಿ ಮಾರುತ್ತಿದ್ದವನೊಬ್ಬನನ್ನು ಗಟ್ಟಿಯಾಗಿ ಕೇಳಿದೆ: "ಇಲ್ಲಿ ಮಾನಸಿಕ ರೋಗದ ಡಾಕ್ಟರ ಆಸ್ಪತ್ರೆ ಎಲ್ಲಿದೆ?"

ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಪಕ್ಕದವನಿಗೆ ಹೇಳಿದ: "ನೋಡೋ, ಪಾಪ, ಸೂಟ್‌ಕೇಸ್ ಸಮೇತ ಬಂದವ್ರೆ." ಆಮೇಲೆ ನನಗೆ: "ಅಂತಾವ್ರು ಯಾರೂ ಇಲ್ಲ ಕಣ್ರೀ ಇಲ್ಲಿ. ಹಾಸನಕ್ಕೆ ಹೋಗ್ಬುಡಿ."

ಕ್ಲಿನಿಕ್ ಅಲ್ಲಿಂದ ನೂರು ಮಾರು ದೂರದಲ್ಲಿ, ಮೆಣಸು ಕೊಳ್ಳುವ ಅಂಗಡಿಯೊಂದರ ಹಿಂಭಾಗದಲ್ಲಿತ್ತು. ಹಲಗೆಯ ಮೇಲೆ 'ಡಾ. ಸುಮಿತ್ರಾ, ವೈದ್ಯರು' ಎಂದಷ್ಟೇ ಇತ್ತು. ಸಂತೆಯ ದಿನ ಜನ ಹೆಚ್ಚು. ಸಂತೆಗೆ ಬಂದವರು ಮೆಣಸಿನಂಗಡಿಗೆ ನುಗ್ಗಿದರೆ ಯಾರೂ ಏಕೆಂದು ಕೇಳುವುದಿಲ್ಲ. ಇಷ್ಟನ್ನು ಕಣ್ಣಾರೆ ಕಂಡೂ ನಾನು ಅದರಿಂದ ಏನನ್ನೂ ಕಲಿಯಲಿಲ್ಲ. ಹಾಸಿಗೆಗಳೆಷ್ಟು ಎಂದು ಕೇಳಿದೆ. "ಒಂದು ಬೆಂಚಿದೆ ಸಾರ್, ಬರ್ಕೊಳ್ತೀರಾ?" ಎಂದರು ಡಾಕ್ಟರು. ಬರೆದುಕೊಂಡೆ.

ಎರಡು ವರ್ಷಗಳ ನಂತರ ದೂರು ಬಂತು. ದೋಣಿಗಲ್‌ನಲ್ಲಿ ಹೆದ್ದಾರಿಯ ಬದಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದ ಚಂದ್ರಶೇಖರ ಎಂಬವರ ಹೆಂಡತಿ ಗಿರಿಜಾ, ಮೂರು ದಿನ ವಾಂತಿಭೇದಿಯಾಗಿ, ಕೈಕಾಲು ನಡುಗಿ, ಮಾತು ತೊದಲಿ, ಹಾಸನದ ಆಸ್ಪತ್ರೆಯೊಂದಕ್ಕೆ ಸೇರಿದ್ದಳು. ಅವಳ ರಕ್ತದಲ್ಲಿ ಲಿಥಿಯಂ ಎಂಬ ಔಷಧಿ ಮಿತಿಮೀರಿತ್ತು. ಮನಸ್ಸಿನ ವಿಪರೀತ ಏರಿಳಿತವನ್ನು ಹಿಡಿದಿಡುವ ಔಷಧಿ ಅದು. ಆದರೆ ರಕ್ತದಲ್ಲಿ ಪ್ರಮಾಣ ಹೆಚ್ಚಿದರೆ ಅದೇ ವಿಷ. ಆದ್ದರಿಂದ ಆಗಾಗ ರಕ್ತ ಪರೀಕ್ಷಿಸುತ್ತಲೇ ಇರಬೇಕು. ಹೆಂಡತಿಗೆ ಅಂಥ ಕಾಯಿಲೆ ಇದೆಯೆಂಬುದೇ ಗಂಡನಿಗೆ ಗೊತ್ತಿರಲಿಲ್ಲ. ಮದುವೆಗೆ ಮುಂಚಿನಿಂದ ಇದ್ದದ್ದನ್ನು ತವರಿನವರು ಮುಚ್ಚಿಟ್ಟಿದ್ದರು. ಗಿರಿಜಾ ಬದುಕಿಕೊಂಡಳು. ಚಂದ್ರಶೇಖರ ಮಾತ್ರ, ಸಕಲೇಶಪುರದ ಡಾಕ್ಟರು ಒಮ್ಮೆಯೂ ರಕ್ತ ಪರೀಕ್ಷಿಸದೆ ವಿಷ ಕೊಟ್ಟರು ಎಂದು ಹಾಸನದ ಗ್ರಾಹಕರ ವೇದಿಕೆಯಲ್ಲಿ ದಾವೆ ಹೂಡಿದರು. ಸಾಬೀತಾದರೆ ಡಾಕ್ಟರ ಕ್ಲಿನಿಕ್ ಉಳಿಯುವಂತಿರಲಿಲ್ಲ. ಅವರು ನಮ್ಮ ಪಾಲಿಸಿಯ ರಕ್ಷಣೆ ಕೋರಿ ಪತ್ರ ಬರೆದರು.

ನಾನು ಹೋದೆ. ರೋಗಿಯ ದಾಖಲೆ, ರಕ್ತಪರೀಕ್ಷೆಯ ವರದಿ ತೋರಿಸಿ ಎಂದೆ. ಡಾಕ್ಟರು ಎದ್ದು ಬಾಗಿಲು ಮುಚ್ಚಿ ಬಂದರು.

"ಆ ಹೆಸರಲ್ಲಿ ಇಲ್ಲ ಸಾರ್."

"ಯಾವುದು? ದಾಖಲೆಯೋ, ವರದಿಯೋ?"

"ಎರಡೂ. ಒಂದು ವಾರ ಟೈಮ್ ಕೊಡಿ. ಒಬ್ರನ್ನ ಕೇಳ್ದೆ ನಾನು ಬಾಯಿ ಬಿಡಂಗಿಲ್ಲ."

ವಿಭಾಗೀಯ ವ್ಯವಸ್ಥಾಪಕ ಗೋಪಿನಾಥರು ನಾಲ್ಕು ದಿನಗಳಲ್ಲಿ ವರದಿ ಬೇಕೆಂದಿದ್ದರು. ಅದೇ ವೇಳೆಗೆ ಕಚೇರಿಗೆ ಫ್ಯಾಕ್ಸ್ ಯಂತ್ರ ಬಂದಿತ್ತು. ಅದು ಬಂದಮೇಲೆ ಪ್ರಧಾನ ಕಚೇರಿಯವರಿಗೆ ಒಂದು ವಾರ ಎಂಬುದು ಒಂದು ಯುಗದಂತೆ ಕಾಣತೊಡಗಿತ್ತು. ನಾನು ಕಾಯಲಿಲ್ಲ. 'ಪಾಲಿಸಿದಾರರ ಬಳಿ ಸದರಿ ರೋಗಿಯ ಹೆಸರಿನಲ್ಲಿ ಯಾವುದೇ ದಾಖಲೆಯಾಗಲಿ ರಕ್ತಪರೀಕ್ಷೆಯಾಗಲಿ ಇರುವುದಿಲ್ಲ' ಎಂದು ಬರೆದೆ. ಆಸ್ಪತ್ರೆಗೆ ಸೇರಿದ ದಿನ, ಬಿಡುಗಡೆಯ ದಿನ, ದಾವೆಯ ದಿನ, ನೋಟಿಸು ತಲುಪಿದ ದಿನ, ಪ್ರತಿಯೊಂದನ್ನೂ ಎರಡೆರಡು ಆಧಾರಗಳಿಂದ ತಾಳೆ ನೋಡಿದ್ದೆ. ಗೋಪಿನಾಥರು ಅದನ್ನು ಮಾದರಿ ವರದಿ ಎಂದು ಹೊಗಳಿದರು. ಹತ್ತು ದಿನಗಳಲ್ಲಿ ಕಂಪನಿ, ನಿಖರವಾದ ದಾಖಲೆ ಇಡಬೇಕೆಂಬ ಷರತ್ತಿನ ಉಲ್ಲಂಘನೆಯಾಗಿದೆ ಎಂದು ರಕ್ಷಣೆಯನ್ನು ನಿರಾಕರಿಸಿತು.

ನಿರಾಕರಣೆಯ ಪತ್ರ ತಲುಪಿದ ದಿನವೇ ಡಾಕ್ಟರ ದೂರವಾಣಿ ಕರೆ ಬಂತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. "ಕೇಳ್ಬೇಕಾದೋರನ್ನ ಕೇಳ್ದೆ ಸಾರ್. ಒಪ್ಕೊಂಡ್ರು. ನೀವು ಇನ್ನೊಂದ್ಸಲ ಬನ್ನಿ."

ಅಂದು ಅವರು ನನಗೆ ತಮ್ಮ ರಿಜಿಸ್ಟರನ್ನು ತೆರೆದು ತೋರಿಸಿದರು. ಈ ಸೀಮೆಯಲ್ಲಿ ಹೆಂಗಸೊಬ್ಬಳು ಮನಸ್ಸಿನ ಕಾಯಿಲೆಗೆಂದು ಒಬ್ಬಳೇ ಬರುವುದಿಲ್ಲ, ಜೊತೆಗೊಬ್ಬರು ಬರುತ್ತಾರೆ. ಹೆಸರು ಬರೆಸುವುದು ಆ ಜೊತೆಗೆ ಬಂದವರದು. ಔಷಧಿಯ ಚೀಟಿ, ಹಾಸನದ ಪ್ರಯೋಗಾಲಯಕ್ಕೆ ಕಳಿಸುವ ಪತ್ರ, ಎಲ್ಲವೂ ಅವರ ಹೆಸರಿನಲ್ಲೇ. ರೋಗಿಯ ಹೆಸರು ಎಲ್ಲಿಯೂ ಕಾಗದದ ಮೇಲೆ ಬೀಳುವುದಿಲ್ಲ. ಡಾಕ್ಟರು ಇದನ್ನು ಹುಟ್ಟುಹಾಕಿದವರಲ್ಲ. ಕ್ಲಿನಿಕ್ ತೆರೆದ ಮೊದಲ ತಿಂಗಳಿಂದಲೂ ಬಂದವರು ಹಾಗೇ ಬರೆಸಿದರು. ಡಾಕ್ಟರು ಬೇಡವೆಂದರೆ ಎದ್ದು ಹೋದರು. ಗಿರಿಜಾಳ ಎರಡು ವರ್ಷದ ಚಿಕಿತ್ಸೆ, ಎಂಟು ರಕ್ತಪರೀಕ್ಷೆ, ಎಲ್ಲವೂ ಅವಳ ಅಣ್ಣನ ಹೆಂಡತಿ ಕಮಲಾಕ್ಷಮ್ಮ ಎಂಬವರ ಹೆಸರಿನಲ್ಲಿದ್ದವು. ಒಂದು ವರದಿಯೂ ಮಿತಿ ಮೀರಿರಲಿಲ್ಲ. ಮೈಯ ನೀರು ಕಡಿಮೆಯಾದರೆ ಈ ಔಷಧಿ ರಕ್ತದಲ್ಲಿ ಏರುತ್ತದೆ; ಆದ್ದರಿಂದ ವಾಂತಿಭೇದಿಯಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಬರಬೇಕೆಂದು ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಕಮಲಾಕ್ಷಮ್ಮನವರ ಸಹಿಯನ್ನೂ ಪಡೆದಿದ್ದರು. ಗಂಡನ ಮನೆಯಲ್ಲಿ ಹಾಸಿಗೆ ಹಿಡಿದ ಗಿರಿಜಾ ನೆಪ ಹೇಳಿ ಹೊರಡಲಾರದೆ ಮಾತ್ರೆ ನುಂಗುತ್ತಲೇ ಇದ್ದಳು.

"ಇದನ್ನು ಆವತ್ತೇ ಹೇಳಬಹುದಿತ್ತಲ್ಲ ಮೇಡಮ್?"

"ಆವಮ್ಮ ಅಂಗನವಾಡಿ ನಡೆಸ್ತಾರೆ ಸಾರ್. ಹುಚ್ಚಿನ ಮಾತ್ರೆ ತಗೊಳ್ತಾರೆ ಅಂತ ಊರಲ್ಲಿ ಸುದ್ದಿಯಾದ್ರೆ ಯಾರು ಮಕ್ಕಳನ್ನ ಕಳಿಸ್ತಾರೆ? ನಾನು ಒಂದು ವಾರ ಕೇಳಿದ್ದು ಅದಕ್ಕೇ."

ಬೆಳಗೋಡು ಹೋಬಳಿಯ ಆ ಹಳ್ಳಿಗೆ ಮರುದಿನವೇ ಹೋದೆ. ಕಮಲಾಕ್ಷಮ್ಮ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದರು. ನಾನು ಯಾರೆಂದು ತಿಳಿದ ಮೇಲೂ ಬಡಿಸುವುದನ್ನು ನಿಲ್ಲಿಸಲಿಲ್ಲ.

"ನೀವೇನಾ ಡಾಕ್ಟ್ರಮ್ಮಂಗೆ ಕಾಗದ ಬರ್ದೋರು?"

"ಬರೆದದ್ದು ಕಂಪನಿ. ವರದಿ ನನ್ನದು."

"ಎಲ್ಡೂ ಒಂದೇ ಬುಡಿ. ಕುಂತ್ಕೊಳಿ. ಉಪ್ಪಿಟ್ಟು ತಿಂತೀರಾ?"

ತಿಂದೆ. ಆಮೇಲೆ ಕೇಳಿದೆ: ರಕ್ತ ಕೊಟ್ಟ ದಿನಗಳಲ್ಲಿ ನೀವೂ ಹಾಸನಕ್ಕೆ ಹೋಗುತ್ತಿದ್ದಿರಾ?

"ಮೊದಲ್ನೇ ಎಲ್ಡು ಸಲ ರಜ ಹಾಕಿ ಹೋದೆ. ಆಮ್ಯಾಕೆ ಅವ್ಳೇ ಹೋಗ್ತಿದ್ಲು. ತವರಿಗೆ ಅಂತ ಹಿಂದಿನ್ ದಿನ್ವೇ ಬರೋಳು, ಬೆಳಿಗ್ಗೆ ಮಾತ್ರೆ ನುಂಗಿಸ್ದೆ ಮೊದಲ್ನೇ ಬಸ್ಸಿಗೆ ಹತ್ತಿಸ್ತಿದ್ದೆ. ನನ್ ಹೆಸರಿನ ಚೀಟಿ ಹಿಡ್ಕೊಂಡು ಹೋಗೋಳು. 'ಕಮಲಾಕ್ಷಮ್ಮ' ಅಂತ ಕೂಗಿದ್ರೆ ಎದ್ದೇಳೇ ಮಾರಾಯ್ತಿ, ನಿದ್ದೆಗಿದ್ದೆ ಮಾಡ್ಬುಟ್ಟೀಯ ಅಂತ ಹೇಳಿ ಕಳಿಸ್ತಿದ್ದೆ."

ನಾನು ಹಾಜರಿ ಪುಸ್ತಕ ಕೇಳಿದೆ. ಪ್ರಯೋಗಾಲಯದ ವರದಿಗಳಲ್ಲಿ ರಕ್ತ ತೆಗೆದ ದಿನವಷ್ಟೇ ಅಲ್ಲ, ಗಳಿಗೆಯೂ ನಮೂದಾಗಿತ್ತು, ಎಲ್ಲವೂ ಬೆಳಗಿನ ಹೊತ್ತು. ಮೊದಲೆರಡು ದಿನಗಳಿಗೆ ಪುಸ್ತಕದಲ್ಲಿ ರಜೆ. ಉಳಿದ ಆರೂ ದಿನಗಳ ಬೆಳಿಗ್ಗೆ ಕಮಲಾಕ್ಷಮ್ಮನವರ ಸಹಿ, ಅವರದೇ ಕೈಬರಹದಲ್ಲಿ ಮಕ್ಕಳ ಲೆಕ್ಕ. ಒಂದು ದಿನವಂತೂ ತಪಾಸಣೆಗೆ ಬಂದಿದ್ದ ಮೇಲ್ವಿಚಾರಕಿಯ ಸಹಿಯೂ ಇತ್ತು. ಅಂಗನವಾಡಿಯಲ್ಲಿ ಕುಳಿತಿದ್ದ ಹೆಂಗಸಿನ ರಕ್ತವನ್ನು ಅದೇ ಗಳಿಗೆಯಲ್ಲಿ ಹಾಸನದಲ್ಲಿ ತೆಗೆಯಲು ಸಾಧ್ಯವಿಲ್ಲ. ಅಂಗನವಾಡಿಯ ಮುರುಕು ಬೆಂಚಿನ ಮೇಲೆ ಕುಳಿತು ತಾಳೆ ನೋಡಿದ ಆರು ದಿನಾಂಕಗಳು ನನ್ನ ಇಡೀ ವೃತ್ತಿಯಲ್ಲಿ ನಿಜಕ್ಕೂ ಒಬ್ಬರ ಉಪಯೋಗಕ್ಕೆ ಬಂದ ದಿನಾಂಕಗಳು.

ಎರಡನೆಯ ವರದಿ ಬರೆದು ಗೋಪಿನಾಥರ ಮುಂದಿಟ್ಟೆ. ಅವರು ಕೆಟ್ಟವರಲ್ಲ. ಕಡತವನ್ನು ಮುಚ್ಚುವುದರಲ್ಲಿ ಅವರಿಗೆ ದೊರೆಯುತ್ತಿದ್ದ ನೆಮ್ಮದಿ ಬೇರೆ ಯಾವುದರಲ್ಲೂ ದೊರೆಯುತ್ತಿರಲಿಲ್ಲ, ಅಷ್ಟೇ.

"ಡಾಕ್ಟರೇ," ಎಂದರು. ನನ್ನ ಪಿಎಚ್.ಡಿ.ಯನ್ನು ಚುಚ್ಚಬೇಕಾದಾಗಲೆಲ್ಲ ಹಾಗೆ ಕರೆಯುತ್ತಿದ್ದರು. "ಮೊದಲನೇ ರಿಪೋರ್ಟಲ್ಲಿ ಒಂದು ತಪ್ಪೂ ಇಲ್ಲ ಅಂತ ಹೆಡ್ ಆಫೀಸಿಗೆ ನಾನೇ ಬರೆದಿದ್ದೀನಿ. ಈಗ ಎರಡನೇದು ಯಾಕ್ರೀ?"

"ಮೊದಲನೇದರಲ್ಲಿ ತಪ್ಪಿಲ್ಲ ಸಾರ್. ನಿಜಾನೂ ಇಲ್ಲ."

"ಅದನ್ನ ನಿಮ್ಮ ಶಾಸನಗಳಲ್ಲಿ ಇಟ್ಕೊಳ್ಳಿ. ಇದು ಫೈಲು. ಅಲ್ಲಾ, ಬೇರೆಯೋರ ಹೆಸರಲ್ಲಿ ದಾಖಲೆ ಇಟ್ಟಿದ್ದು ನಿಜ ತಾನೆ? ಷರತ್ತು ಮುರಿದಿದ್ದು ನಿಜ ತಾನೆ? ಹಂಗಾದ್ರೆ ನಿಮ್ಮ ಎರಡನೇ ರಿಪೋರ್ಟು ನಮ್ಮ ನಿರಾಕರಣೆಯನ್ನೇ ಗಟ್ಟಿ ಮಾಡುತ್ತೆ. ಬೇಕಾ?"

ಚಿಕಿತ್ಸೆಯಲ್ಲಿ ಲೋಪವಿಲ್ಲವೆಂದು ತೋರಿಸುವ ಕಾಗದವೇ ರಕ್ಷಣೆ ಕೊಡದಿರಲು ಕಾರಣವೂ ಆಗಿತ್ತು. ವರದಿ ಕಡತ ಸೇರಲಿಲ್ಲ. ಅಂದು ಸಂಜೆ ಕಚೇರಿಯ ಎದುರಿನ ಎಸ್‌ಟಿಡಿ ಬೂತಿನಿಂದ ಡಾಕ್ಟರಿಗೆ ಕರೆ ಮಾಡಿ ಒಂದೇ ಮಾತು ಹೇಳಿದೆ: "ಅಂಗನವಾಡಿಯ ಹಾಜರಿ ಪುಸ್ತಕವನ್ನು ತರಿಸುವಂತೆ ನಿಮ್ಮ ವಕೀಲರು ವೇದಿಕೆಯನ್ನು ಕೇಳಲಿ." ಕಂಪನಿಯ ನೌಕರನಾಗಿ ನಾನು ಇದನ್ನು ಮಾಡಬಾರದಾಗಿತ್ತು. ಮಾಡಿದೆನೆಂದು ಇಲ್ಲಿ ಮೊದಲ ಬಾರಿಗೆ ಬರೆಯುತ್ತಿದ್ದೇನೆ.

ವೇದಿಕೆಯಲ್ಲಿ ಸಾಕ್ಷ್ಯ ಸಾಮಾನ್ಯವಾಗಿ ಬರೆದುಕೊಟ್ಟ ಪ್ರಮಾಣಪತ್ರದಲ್ಲೇ ಮುಗಿಯುತ್ತದೆ. ಕಮಲಾಕ್ಷಮ್ಮನವರ ವಿಷಯ ವಿಚಿತ್ರವಾಗಿದ್ದರಿಂದ ಅಧ್ಯಕ್ಷರು ಅವರನ್ನು ಕರೆಸಿ ಬಾಯಿಮಾತಿನಲ್ಲೂ ಕೇಳಿದರು. ನಾನು ರಜೆ ಹಾಕಿ, ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಅವರ ಊರಿನಿಂದಲೂ ನಾಲ್ಕೈದು ಜನ ಬಂದಿದ್ದರು. ಚಂದ್ರಶೇಖರರ ವಕೀಲರು ಎದ್ದು, ನಗುತ್ತ ಕೇಳಿದರು:

"ಎಂಟು ರಿಪೋರ್ಟಲ್ಲೂ ಹೆಸರು ನಿಮ್ಮದು. ಹಾಗಾದ್ರೆ ಯಾರಿಗಮ್ಮ ಹುಚ್ಚು? ನಿಮಗೋ, ನಿಮ್ಮ ನಾದಿನಿಗೋ?"

ಊರಿನವರು ಕತ್ತು ಮುಂದೆ ಚಾಚಿದರು. ಕಮಲಾಕ್ಷಮ್ಮ ಸೆರಗನ್ನು ಸರಿಪಡಿಸಿಕೊಂಡರು.

"ಹುಚ್ಚು ಯಾರಿಗೂ ಇಲ್ಲ ಸ್ವಾಮಿ. ಕಾಯ್ಲೆ ಅವ್ಳಿಗೆ ಐತೆ, ಹೆಸ್ರು ನಂದು. ಒಳ್ಳೆ ಕಡೆ ಹೋಗ್ಬೇಕಾದ್ರೆ ನಾದ್ನಿ ಬಂದು ಅತ್ತಿಗೆ ಸೀರೆ ಕೇಳಿದ್ರೆ ಕೊಡಾಕಿಲ್ವಾ? ಹಂಗೆ ಹೆಸ್ರು ಕೊಟ್ಟೆ. ಉಟ್ಕೊಂಡು ಹೋದ್ಲು, ಬಂದ್ಲು. ಅದ್ರಲ್ಲಿ ಡಾಕ್ಟ್ರಮ್ಮನ ತೆಪ್ಪೇನೈತೆ?"

ಆಮೇಲೆ ಹಾಜರಿ ಪುಸ್ತಕವನ್ನು ಓದಿದರು. ಆರು ದಿನಾಂಕಗಳನ್ನು ಗುಮಾಸ್ತರು ಒಂದೊಂದಾಗಿ ಕೂಗಿ ಹೇಳುವಾಗ ವಕೀಲರು ಕುಳಿತುಕೊಂಡರು. ಕೆಲವು ತಿಂಗಳ ನಂತರ ದಾವೆ ವಜಾ ಆಯಿತು. ಅಂದು ಹೊರಗಿನ ಪಡಸಾಲೆಯಲ್ಲಿ ಚಂದ್ರಶೇಖರ ಗೋಡೆಗೆ ಒರಗಿ ನಿಂತಿದ್ದರು. ಕಮಲಾಕ್ಷಮ್ಮ ಹಾದುಹೋಗುವಾಗ ತಡೆದು ಕೇಳಿದರು:

"ಅಕ್ಕಾ, ನಂಗೊಂದ್ ಮಾತು ಹೇಳಿದ್ರೆ ನಾನೇನು ಕಡಿದ್ಬುಡ್ತಿದ್ನಾ?"

"ಕಡೀತಿರ್ಲಿಲ್ಲ ಚಂದ್ರಣ್ಣ, ಕಳಿಸ್ಬುಡ್ತಿದ್ರಿ."

ಆದರೆ ಗಿರಿಜಾಳನ್ನು ಚಂದ್ರಶೇಖರ ತವರಿಗೆ ಕಳಿಸಲಿಲ್ಲ. ಮುಂದೆ ಚಿಕಿತ್ಸೆಗೆ ತಾವೇ ಕರೆದುಕೊಂಡು ಬರುತ್ತಿದ್ದರೆಂದು ಡಾಕ್ಟರಿಂದ ತಿಳಿಯಿತು. ಕಮಲಾಕ್ಷಮ್ಮನವರ ಅಂಗನವಾಡಿಗೆ ಅವರು ಸಾಕ್ಷಿ ಹೇಳಿದ ಮೇಲೆ ಒಂದು ತಿಂಗಳು ಮಕ್ಕಳು ಅರ್ಧಕ್ಕರ್ಧ ಬರಲಿಲ್ಲ. ಅವರು ಮನೆಮನೆಗೆ ಹೋಗಿ ಬಾಗಿಲಲ್ಲಿ ನಿಂತು ಗದರಿಸಿ ಒಬ್ಬೊಬ್ಬರನ್ನೇ ಕರೆತಂದರಂತೆ.

ಡಾಕ್ಟರು ಗೆದ್ದರು. ನಾವು ಜೊತೆಗಿರಲಿಲ್ಲ. ಈ ಅಪಮಾನವನ್ನು ಸರಿಪಡಿಸುವೆನೆಂದು ನಾನು ಮತ್ತೊಂದು ತಪ್ಪು ಮಾಡಿದೆ. ನಡುವೆ ಅವರ ಪಾಲಿಸಿ ಮುಗಿದುಹೋಗಿತ್ತು. ಹೊಸದಾಗಿ ಮಾಡಿಸಿ ಎಂದು ಒತ್ತಾಯಿಸಿ, ಹೊಸ ಅರ್ಜಿಯನ್ನು ನಾನೇ ಒಯ್ದೆ. ಕಚೇರಿಗೆ ಆಗ ಕಂಪ್ಯೂಟರ್ ಬಂದಿತ್ತು, ಅರ್ಜಿಯೂ ಪರಿಷ್ಕೃತವಾಗಿತ್ತು. ಒಂದು ಖಾನೆ ಖಾಲಿ ಬಿಟ್ಟರೂ ಯಂತ್ರ ಮುಂದಕ್ಕೆ ಹೋಗದು. ನಾನು ಅದನ್ನು ಓದದೆ ತಂದಿದ್ದೆ. ಡಾಕ್ಟರು ಓದಿದರು. ಮೂರನೆಯ ಪುಟದಲ್ಲಿ ಅವರ ಬೆರಳು ನಿಂತಿತು.

'ಎಲ್ಲ ರೋಗಿಗಳ ದಾಖಲೆ ಹಾಗೂ ಪ್ರಯೋಗಾಲಯ ವರದಿಗಳನ್ನು ಆಯಾ ರೋಗಿಯ ಸ್ವಂತ ಹೆಸರಿನಲ್ಲಿಯೇ ಇಡಲಾಗುತ್ತಿದೆಯೇ?'

ಮಾನಸಿಕ ಆರೋಗ್ಯದವರಿಗೆಂದು ಕಂಪನಿ ಸೇರಿಸಿದ ಮೊಟ್ಟಮೊದಲ ಪ್ರಶ್ನೆ ಅದು. ನನ್ನ ಮಾದರಿ ವರದಿಯಿಂದ ಹುಟ್ಟಿದ ಪ್ರಶ್ನೆ.

"ಏನು ಬರೀಲಿ ಸಾರ್?"

"ಹೌದು ಅಂತ ಬರೆದರೆ ಪಾಲಿಸಿ ಸಿಗುತ್ತೆ."

"ಬರೆದ್ರೆ ನಾಳೆಯಿಂದ ಹಂಗೇ ನಡ್ಕೋಬೇಕು. ಹೊರಗೆ ಕೂತಿರೋರಲ್ಲಿ ಅರ್ಧ ಜನ ಎದ್ದು ಹೋಗ್ಬುಡ್ತಾರೆ. ಎದ್ದು ಹೋದೋರು ಎಲ್ಲಿಗೆ ಹೋಗ್ತಾರೆ ಅನ್ನೋ ಪ್ರಶ್ನೆ ಇದರಲ್ಲಿ ಇಲ್ವಲ್ಲ?"

ದಾವೆಯ ನಂತರ ಅವರು ಮನೆಯ ಬೀರುವಿನಲ್ಲಿ ಬೀಗ ಹಾಕಿ ಇನ್ನೊಂದು ಪುಸ್ತಕ ಇಡತೊಡಗಿದ್ದರು; ಯಾರ ಹೆಸರಿನ ಹಿಂದೆ ಯಾರಿದ್ದಾರೆಂಬುದು ಅದರಲ್ಲಿತ್ತು. ಅದನ್ನು ಅರ್ಜಿಯಲ್ಲಿ ವಿವರಿಸಿ ಎಂದೆ. 'ಇಲ್ಲ' ಎಂದು ಬರೆದು, ಕೆಳಗೆ ಆ ಪುಸ್ತಕದ ವಿಷಯವನ್ನು ನಾಲ್ಕು ಸಾಲಿನಲ್ಲಿ ವಿವರಿಸಿ ಸಹಿ ಹಾಕಿದರು.

"ಇನ್ನೊಬ್ಬ ಚಂದ್ರಶೇಖರ ಬಂದರೆ ಏನು ಮಾಡ್ತೀರಿ ಮೇಡಮ್?"

"ಇನ್ನೊಬ್ಬ ಕಮಲಾಕ್ಷಮ್ಮ ಬರ್ಬೇಕು, ಅಷ್ಟೆ."

ಎರಡು ಬಗೆಯ ದಾಖಲೆ ಇಡುವವರನ್ನು ನಂಬಲಾಗದು ಎಂದು ಪ್ರಧಾನ ಕಚೇರಿಯ ಕಾನೂನು ವಿಭಾಗ ಬರೆಯಿತು. ಅರ್ಜಿ ತಂದವನು ನಾನಾದ್ದರಿಂದ ತಿರಸ್ಕಾರದ ಪತ್ರಕ್ಕೂ ನಾನೇ ಸಹಿ ಹಾಕಬೇಕೆಂದು ಗೋಪಿನಾಥರು ತೀರ್ಮಾನಿಸಿದರು. ಹಾಕಿದೆ. ಅಂಚೆಗೆ ಹಾಕಲು ಮನಸ್ಸು ಬರದೆ, ಒಂದು ಸಂತೆಯ ದಿನ ಸಕಲೇಶಪುರಕ್ಕೆ ಅದನ್ನು ಕೈಯಲ್ಲೇ ಒಯ್ದೆ.

ಡಾಕ್ಟರು ಲಕೋಟೆ ಒಡೆದು ಓದಿ, ಮಡಿಸಿ ಡ್ರಾಯರಿನಲ್ಲಿಟ್ಟರು. "ಹೊರಗೆ ಸ್ವಲ್ಪ ಕೂತ್ಕೊಳಿ ಸಾರ್. ಇಬ್ಬರು ಮೂವರಿದ್ದಾರೆ, ನೋಡಿ ಬರ್ತೀನಿ. ಕಾಫಿ ಕುಡ್ಕೊಂಡೇ ಹೋಗ್ಬೇಕು."

ಹೊರಗೆ ಬೆಂಚಿನ ಮೇಲೆ ಕುಳಿತೆ. ಪಕ್ಕದಲ್ಲಿ ನಡುವಯಸ್ಸಿನ ಹೆಂಗಸೊಬ್ಬರು, ಅವರಾಚೆ ತಲೆ ತಗ್ಗಿಸಿಕೊಂಡಿದ್ದ ಒಬ್ಬಳು ಹುಡುಗಿ. ಆ ಹೆಂಗಸು ಸಂತೆಯ ಚೀಲವನ್ನು ಕಾಲಬಳಿಗೆ ಎಳೆದುಕೊಂಡು ನನಗೆ ಜಾಗ ಮಾಡಿಕೊಟ್ಟರು. ನನ್ನ ಆಚೆ ಈಚೆ ನೋಡಿದರು.

"ಯಾಕಣ್ಣ, ಜೊತೇಲಿ ಯಾರೂ ಬರ್ಲಿಲ್ವಾ?"

ಇಲ್ಲವೆಂದೆ. ಕಚೇರಿಯ ಕೆಲಸಕ್ಕೆ ಬಂದವನೆಂದು ಮಾತ್ರ ಹೇಳಲಿಲ್ಲ. ಅವರು ನನ್ನ ಕಡೆಗೆ ಬಾಗಿ, ದನಿ ತಗ್ಗಿಸಿ ಹೇಳಿದರು:

"ಹೆಸ್ರಿಗೇನೂ ಯೋಚ್ನೆ ಮಾಡ್ಬೇಡಿ. ನಮ್ಮನೆಯೋರ್ದೇ ಬರ್ಸಿ. ಅವ್ರು ಏನೂ ಅಂದ್ಕೊಳಾಕಿಲ್ಲ."